ದಕ್ಷಿಣದ ತುದಿ, ನಾಲ್ಕು ಬೆರಳು ಕೆಳಗೆ

ನಾನು ಸಮುದ್ರವನ್ನು ನೋಡಿಲ್ಲ. ಹೈದರಾಬಾದನ್ನು ದಾಟಿ ಆಚೆಗೆ ಹೋದವನೂ ಅಲ್ಲ. ಆದರೂ ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳ ಶಾಲೆಗಳ ಗೋಡೆಗಳ ಮೇಲೆ ಈ ದೇಶದ ನಕ್ಷೆಯನ್ನು ನನ್ನಷ್ಟು ಸಲ ಬರೆದವರು ಈ ಭಾಗದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ನನ್ನ ಕಸುಬಾಗಿತ್ತು. ಈಗ ಭಾಲ್ಕಿಯಲ್ಲಿ ಒಂದು ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಮಾತಾಡಬೇಕೆನಿಸಿದಾಗ ಪುಸ್ತಕ ತೆಗೆಯುತ್ತೇನೆ. ಪುಸ್ತಕದಲ್ಲಿ ಬರೆದದ್ದು ನಿಜವೇ ಎಂದು ಇನ್ನೊಂದು ಪುಸ್ತಕವನ್ನು ಕೇಳುತ್ತೇನೆ. ದಿನ ಹೀಗೆ ಕಳೆಯುತ್ತದೆ.

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಕಲಿತದ್ದೆಲ್ಲ ರದ್ದಿ ಅಂಗಡಿಯಿಂದ ತಂದ, ರಟ್ಟು ಹರಿದ ಒಂದು ಅಟ್ಲಾಸಿನಿಂದ. ಅದರ ಪುಟದ ಮೇಲೆ ಪೆನ್ಸಿಲಿನಿಂದ ಸಣ್ಣ ಚೌಕಗಳನ್ನು ಎಳೆಯುತ್ತಿದ್ದೆ. ನೀಲಿ ಪುಡಿ ಸವರಿದ ದಾರವನ್ನು ಗೋಡೆಯ ಮೇಲೆ ಬಿಗಿಹಿಡಿದು ಚಿಮ್ಮಿದರೆ ಅಲ್ಲಿ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳು ಮೂಡುತ್ತಿದ್ದವು. ಒಂದೊಂದು ಚೌಕದಲ್ಲಿ ಗಡಿಯ ಗೆರೆ ಎಲ್ಲಿಂದ ಒಳಬಂದು ಎಲ್ಲಿಂದ ಹೊರಹೋಗುತ್ತದೆ ಎಂದು ನೋಡಿ ಬರೆದರೆ ದೇಶ ತಾನಾಗಿ ಗೋಡೆಗೆ ಇಳಿಯುತ್ತಿತ್ತು. ಗೆರೆ ಮತ್ತು ಅಕ್ಷರ ನನ್ನ ಪಾಲು. ಬಣ್ಣ ನನ್ನ ಜೊತೆಗಾರನ ಪಾಲು.

ಅವನು ಬೀದರಿನ ಹಳೆಯ ಪೇಟೆಯವನು. ಮನೆಯಲ್ಲಿ ದಖನಿ ಉರ್ದು ಮಾತಾಡುವ, ತಲೆಮಾರುಗಳಿಂದ ಕೈಕಸುಬಿನಲ್ಲೇ ಬದುಕಿದ ಕುಟುಂಬ. ನನಗಿಂತ ಮೂರು ವರ್ಷ ದೊಡ್ಡವನಾದ್ದರಿಂದ ಅವನನ್ನು ಉಸ್ತಾದ್ ಎಂದು ಬಹುವಚನದಲ್ಲೇ ಕರೆಯುತ್ತಿದ್ದೆ. ಒಂದು ದಿನವೂ ಪಾಠ ಹೇಳದ ನನ್ನನ್ನು ಅವನು ಮಾಸ್ತರ್ ಎನ್ನುತ್ತಿದ್ದ. ಅದರಲ್ಲಿ ಪ್ರೀತಿ ಎಷ್ಟು, ಚೇಷ್ಟೆ ಎಷ್ಟು ಎಂದು ಅಳೆಯಲು ನಾನು ಆಗ ಹೋಗಲಿಲ್ಲ. ಸಮುದ್ರಕ್ಕೆ ಅವನು ಕಲಸುತ್ತಿದ್ದ ನೀಲಿಯನ್ನು ಬೇರೆ ಯಾರ ಗೋಡೆಯ ಮೇಲೂ ಕಂಡಿಲ್ಲ. ದಂಡೆಯ ಬಳಿ ತೆಳುವಾಗಿ, ದೂರ ಹೋದಂತೆ ಗಾಢವಾಗಿ, ನಿಂತು ನೋಡಿದರೆ ಆಳವಿದೆ ಎನಿಸುತ್ತಿತ್ತು. ಅವನೂ ಸಮುದ್ರವನ್ನು ಕಂಡವನಲ್ಲ.

ನಕ್ಷೆಯನ್ನು ಯಾವಾಗಲೂ ಮೇಲಿನಿಂದ ಆರಂಭಿಸುತ್ತಿದ್ದೆವು. ಏಣಿಯ ಕೊನೆಯ ಮೆಟ್ಟಿಲೇ ಉತ್ತರದ ತುದಿ. ನಾವು ಗೋಡೆಯ ಮೇಲೆ ಬರೆಯುವ ಆ ತುದಿಗೆ ನಮ್ಮ ಕಡೆಯವರು ಯಾರೂ ಇಂದು ನಡೆದು ಹೋಗಲಾರರು ಎಂಬುದನ್ನು ಅಟ್ಲಾಸ್ ಹೇಳುವುದಿಲ್ಲ. ಪೂರ್ವದ ತುದಿ ಹೆಚ್ಚಾಗಿ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ದೇಶದಲ್ಲಿ ಎಲ್ಲರಿಗಿಂತ ಮೊದಲು ಸೂರ್ಯನನ್ನು ಕಾಣುವ ಅರುಣಾಚಲದ ಮೂಲೆಯು ಮಕ್ಕಳ ಭುಜ ಉಜ್ಜಿ ಉಜ್ಜಿ ಎರಡೇ ವರ್ಷದಲ್ಲಿ ಅಳಿಸಿಹೋಗುತ್ತಿತ್ತು. ಪಶ್ಚಿಮದಲ್ಲಿ ಕಛ್ ಪ್ರದೇಶದ ಕೆಸರುನೆಲ ಕಿಟಕಿಯ ಪಕ್ಕ ನಿಲ್ಲುತ್ತಿತ್ತು. ಕೆಳಗೆ ಮಾತ್ರ ತೊಂದರೆ. ಶಾಲೆಗಳ ಗೋಡೆಯ ಬುಡದಲ್ಲಿ ಮಕ್ಕಳು ಒರಗಿ ಕೊಳೆ ಮಾಡಬಾರದೆಂದು ಸೊಂಟದೆತ್ತರದ ಕಪ್ಪು ಪಟ್ಟಿ ಹೊಡೆದಿರುತ್ತಾರೆ. ಹಳೆಯ ಶಾಲೆಗಳಲ್ಲಿ ಅದು ಡಾಂಬರು ಬೆರೆಸಿದ ಕಪ್ಪು. ದೇಶವು ಆ ಪಟ್ಟಿಗಿಂತ ಮೇಲೆಯೇ ಮುಗಿಯಬೇಕು.

ನಕ್ಷೆಯ ಪಕ್ಕದಲ್ಲಿ ತುದಿಗಳನ್ನೂ ಎತ್ತರದ ಶಿಖರವನ್ನೂ ಬರೆದುಕೊಡುವುದು ನಮ್ಮ ವಾಡಿಕೆ. ಭಾತಂಬ್ರಾದ ಶಾಲೆಯಲ್ಲಿ ಒಮ್ಮೆ ಶಿಖರದ ಬಗ್ಗೆ ಶಿಕ್ಷಕರಲ್ಲೇ ವಾದವಾಯಿತು. ಒಬ್ಬರು ಎವರೆಸ್ಟ್ ಎಂದರು. ಅದು ನಮ್ಮ ದೇಶದ್ದೇ ಅಲ್ಲ ಎಂದೆ. ಇನ್ನೊಬ್ಬರು ಕೆ-ಟು ಎಂದರು, ಮತ್ತೊಬ್ಬರು ಕಾಂಚನಜುಂಗಾ. ನಮ್ಮ ನಕ್ಷೆಯ ಗೆರೆಯೊಳಗೆ ಇರುವುದರಲ್ಲಿ ಎತ್ತರದ್ದು ಕೆ-ಟು. ನಮ್ಮವರು ಬುಡಕ್ಕೆ ಹೋಗಿ ನಿಲ್ಲಬಹುದಾದದ್ದು ಕಾಂಚನಜುಂಗಾ, ಅದರ ಅರ್ಧವೂ ನೇಪಾಳದ್ದು. ಪೂರ್ತಿಯಾಗಿ ನಮ್ಮ ನೆಲದಲ್ಲೇ ನಿಂತದ್ದು ಬೇಕೆಂದರೆ ನಂದಾದೇವಿ. ಕೇಳುವ ಪ್ರಶ್ನೆ ಬದಲಾದರೆ ಪರ್ವತವೂ ಬದಲಾಗುತ್ತದೆ ಎಂದು ವಿವರಿಸಿ, ಅಷ್ಟನ್ನೂ ಗೋಡೆಯ ಮೇಲೆ ಬರೆದೆ. ಮುಖ್ಯೋಪಾಧ್ಯಾಯರು ಮೇಲಿನಿಂದ ಕೆಳಗಿನವರೆಗೆ ಓದಿ, “ಅಲ್ರೀ, ಶಿಖರಕ್ಕಿಂತ ನಿಮ್ಮ ವಾಕ್ಯಾನೇ ಎತ್ತರ ಆಗ್ಯದಲ್ಲ” ಎಂದರು. ಉಸ್ತಾದ್ ಏಣಿಯ ಮೇಲೆ ಕುಳಿತು ನಕ್ಕಿದ್ದು ನೆನಪಿದೆ. ಆ ದಿನದಿಂದ ಶಾಲೆಗಳಲ್ಲಿ ನನ್ನ ಮಾತಿಗೆ ಬೆಲೆ ಬಂತು. ಆ ಬೆಲೆಯೇ ನನ್ನನ್ನು ಕೆಡಿಸಿತು.

ಡಾಬಕಾದ ಶಾಲೆಯ ಕೆಲಸ ಬಂದದ್ದು ಇದಾದ ಕೆಲವು ವರ್ಷಗಳ ಮೇಲೆ. ಡಾಬಕಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಕರ್ನಾಟಕ ತಮ್ಮ ಹೊಲದಲ್ಲೇ ಮುಗಿಯುತ್ತದೆ ಎಂದು ಅಲ್ಲಿಯ ಚಹಾದಂಗಡಿಯಲ್ಲಿ ಕೂತವರು ಹೇಳಿದರು. ಗಡಿಯ ಇನ್ನೊಂದು ಊರಾದ ಎಕಂಬಾದಲ್ಲಿ ಹಿಂದೆ ಕೇಳಿದಾಗ ಅಲ್ಲಿಯವರೂ ಅದನ್ನೇ ಹೇಳಿದ್ದರು. ಗಡಿಯ ಬದುವಿನ ಎರಡೂ ಕಡೆ ಅದೇ ತೊಗರಿ, ಅದೇ ಕರಿಮಣ್ಣು. ಎತ್ತುಗಳಿಗೆ ಗೊತ್ತಾಗದ ಗೆರೆಯನ್ನು ಜನ ಇಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ ಎಂದು ನಾವಿಬ್ಬರೂ ದಾರಿಯುದ್ದಕ್ಕೂ ನಕ್ಕೆವು. ನಾವು ಜೊತೆಯಾಗಿ ನಕ್ಕದ್ದು ಅದೇ ಕೊನೆ.

ಉಸ್ತಾದನ ತಮ್ಮ ಆಗ ಗ್ರೇಟ್ ನಿಕೋಬಾರ್ ದ್ವೀಪದಲ್ಲಿದ್ದ. ಒಬ್ಬ ಗುತ್ತಿಗೆದಾರನ ಕೈಕೆಳಗೆ ಅಲ್ಲಿಯ ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸ. ಅವನಿಂದ ಒಂದು ಪತ್ರ ಬಂದಿತ್ತು. ತಾನೀಗ ದೇಶದ ಕೊನೆಯಲ್ಲಿದ್ದೇನೆ, ಇದರ ಮುಂದೆ ನೆಲವಿಲ್ಲ, ಬರೀ ನೀರು ಎಂದು ಬರೆದಿದ್ದ. ಉಸ್ತಾದ್ ಆ ಪತ್ರವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಡಾಬಕಾದ ಗೋಡೆಯಲ್ಲಿ ನಾನು ಕನ್ಯಾಕುಮಾರಿಯನ್ನು ಪಟ್ಟಿಯ ಅಂಚಿಗೇ ತಂದು ನಿಲ್ಲಿಸಿದ್ದೆ. ನಿಕೋಬಾರಿನ ಕೊನೆಯ ದ್ವೀಪ ಅದಕ್ಕಿಂತ ಕೆಳಗೆ, ಪಟ್ಟಿಯೊಳಗೆ, ನಾಲ್ಕು ಬೆರಳಿನಷ್ಟು ಇಳಿಯಬೇಕಿತ್ತು. ನಾನು ಎಲ್ಲ ಶಾಲೆಗಳಲ್ಲಿ ಮಾಡುತ್ತಿದ್ದಂತೆ ದ್ವೀಪಗಳನ್ನೆಲ್ಲ ನಾಲ್ಕು ಬೆರಳು ಮೇಲಕ್ಕೆ ಸರಿಸಿ ಕೂರಿಸಿದ್ದೆ. ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದೆ: ದಕ್ಷಿಣದ ತುದಿ, ಕನ್ಯಾಕುಮಾರಿ.

ಶಿಕ್ಷಕರೆಲ್ಲ ನೋಡಲು ಬಂದಾಗ ಉಸ್ತಾದ್ ಎಂದೂ ಮಾಡದ ಒಂದು ಕೆಲಸ ಮಾಡಿದ. ಬಾಯಿಬಿಟ್ಟು ಕೇಳಿದ. “ಸಾಬ್, ಇಲ್ಲಿ ಪಟ್ಟಿ ಒಂಚೂರು ಕೆರಿಲಿಕ್ಕೆ ಬಿಡ್ರಿ. ನನ್ನ ತಮ್ಮ ಇರೋದು ಇದರ ಕೆಳಗ. ದೇಶ ಅಲ್ಲಿತನಕ ಅದ.” ಜೇಬಿನಿಂದ ಪತ್ರವನ್ನೂ ತೆಗೆದ. ಮುಖ್ಯೋಪಾಧ್ಯಾಯರು ಪತ್ರ ನೋಡಲಿಲ್ಲ, ನನ್ನನ್ನು ನೋಡಿದರು.

ಕಿಸೆಯಲ್ಲಿ ಸಾಮಾನ್ಯಜ್ಞಾನದ ಒಂದು ಪ್ರಶ್ನೋತ್ತರ ಪುಸ್ತಕವಿತ್ತು. ಅದರಲ್ಲಿ ಕನ್ಯಾಕುಮಾರಿ ಎಂದೇ ಇತ್ತು. ಅದನ್ನು ತೆಗೆದು ತೋರಿಸಿ ಸುಮ್ಮನಿದ್ದರೂ ಆಗುತ್ತಿತ್ತು. ನಾನು ಅವನ ಕಡೆ ತಿರುಗಿ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಏಕವಚನದಲ್ಲಿ, “ಬಣ್ಣ ಹಚ್ಚೋನು ನೀ, ಬಣ್ಣ ಹಚ್ಚು. ದೇಶ ಎಲ್ಲಿ ಮುಗೀತದ ಅನ್ನೋದು ನನಗ ಬಿಡು” ಎಂದೆ. ಒಬ್ಬಿಬ್ಬರು ಶಿಕ್ಷಕರು ನಕ್ಕರು.

ಅವನು ಪತ್ರವನ್ನು ಮಡಚಿ ಇಟ್ಟುಕೊಂಡ. ಉಳಿದ ಸಮುದ್ರವನ್ನೆಲ್ಲ ಒಂದು ಕಡೆಯೂ ಕೈ ತಪ್ಪದಂತೆ ತುಂಬಿದ. ಸಂಜೆ ಸೀಮೆಎಣ್ಣೆಯಲ್ಲಿ ಬ್ರಷ್‌ಗಳನ್ನು ತೊಳೆದು, ನನ್ನದನ್ನೂ ತೊಳೆದು ಪಕ್ಕಕ್ಕಿಟ್ಟು, ಬಸ್ಸು ಹತ್ತಿದ. ಮತ್ತೆ ನನ್ನ ಜೊತೆ ಕೆಲಸಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಟ್ಲಾಸಿನ ಮೇಲೆ ಅಡ್ಡಲಾಗಿ ಅಳತೆಕೋಲು ಇಟ್ಟು ನೋಡಿದೆ. ನೋಡುವ ಅಗತ್ಯವೇನೂ ಇರಲಿಲ್ಲ. ದ್ವೀಪಗಳನ್ನು ಪ್ರತಿಸಲ ಮೇಲಕ್ಕೆ ಸರಿಸುತ್ತಿದ್ದ ನನ್ನ ಕೈಗೆ ಸತ್ಯ ಮೊದಲಿನಿಂದಲೂ ಗೊತ್ತಿತ್ತು. ಕನ್ಯಾಕುಮಾರಿ ಮುಖ್ಯಭೂಮಿಯ ತುದಿಯಷ್ಟೇ. ದೇಶದ ತುದಿ ಗ್ರೇಟ್ ನಿಕೋಬಾರ್. ಬೀದರಿಗೆ ಹೋಗಿ ಹೇಳಬೇಕೆಂದುಕೊಂಡೆ. ಆ ವಾರ ಹೋಗಲಿಲ್ಲ, ಮುಂದಿನ ವಾರವೂ ಹೋಗಲಿಲ್ಲ. ಅಷ್ಟರಲ್ಲಿ ಸುನಾಮಿ ಬಂತು. ಭಾಲ್ಕಿಯ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಯಾರೋ, ಬೀದರಿನ ಆ ಪೇಂಟರನ ತಮ್ಮ ನೀರಿನಲ್ಲಿ ಹೋದನಂತೆ ಎಂದರು. ಲೋಟವನ್ನು ಕೆಳಗಿಟ್ಟು ಎದ್ದುಬಂದೆ. ಇನ್ನು ಯಾವ ಮುಖ ಹೊತ್ತುಕೊಂಡು ಆ ಮನೆಗೆ ಹೋಗುವುದು? ಅವನ ತಮ್ಮ ನಿಂತಿದ್ದ ನೆಲವನ್ನೇ ಇಲ್ಲವೆಂದು ಹೇಳಿದವನು ನಾನು. ಬೀದರಿನಲ್ಲಿ ಕೆಲಸವಿದ್ದರೂ ಆ ಓಣಿಯ ಕಡೆ ಕಾಲಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಫ್ಲೆಕ್ಸ್ ಬಂದು ನನ್ನ ಕಸುಬೂ ನಿಂತಿತು. ಬಣ್ಣ ಬಲ್ಲವನಿಲ್ಲದೆ ಅದು ಅದಕ್ಕೂ ಮೊದಲೇ ಅರ್ಧ ನಿಂತಿತ್ತು.

ಈ ವರ್ಷದ ಆರಂಭದಲ್ಲಿ ನನ್ನ ಪಕ್ಕದ ಕೋಣೆಗೆ ಡಾಬಕಾದ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವಳು. ನನ್ನ ಬಳಿ ಪುಸ್ತಕಗಳನ್ನು ಕಂಡು ಆಗಾಗ ಬಂದು ಕೇಳುತ್ತಿದ್ದಳು. ಒಂದು ದಿನ ಪ್ರಶ್ನೆಪತ್ರಿಕೆ ಹಿಡಿದು ಸಿಟ್ಟಿನಲ್ಲಿ ಬಂದಳು. ದೇಶದ ದಕ್ಷಿಣದ ತುದಿ ಯಾವುದೆಂಬ ಪ್ರಶ್ನೆಗೆ ಕನ್ಯಾಕುಮಾರಿ ಎಂದು ಗುರುತು ಹಾಕಿ ಒಂದು ಅಂಕ ಕಳೆದುಕೊಂಡಿದ್ದಳು. ಉತ್ತರ ಗ್ರೇಟ್ ನಿಕೋಬಾರ್ ಎಂದು ನಾನು ಹೇಳಿದೆ. ಹಾಗಾದರೆ ಕನ್ಯಾಕುಮಾರಿ ಎಂದು ನಿನಗೆ ಯಾರು ಹೇಳಿದರು ಎಂದೂ ಕೇಳಿದೆ. ಕೇಳಬಾರದಿತ್ತು.

“ನಮ್ಮ ಸಾಲಿ ಗ್ವಾಡಿ ಮ್ಯಾಲ ದೊಡ್ಡ ಅಕ್ಷರದಾಗ ಬರ್ದಿತ್ತರಿ ಅಜ್ಜಾ. ಏಳು ವರ್ಷ ಅದನ್ನೇ ನೋಡ್ಕೋತ ಕುಂತೀನಿ. ಗ್ವಾಡಿ ಸುಳ್ಳು ಹೇಳ್ತದಂತ ಯಾರಿಗೆ ಗೊತ್ತಿತ್ತರಿ?”

ಆ ಗೋಡೆಯನ್ನು ಬರೆದವನು ನಾನೆಂದು ಅವಳಿಗೆ ಹೇಳಲಿಲ್ಲ. ಮರುದಿನವೇ ಒಂದು ಡಬ್ಬಿ ನೀಲಿ, ಒಂದು ಡಬ್ಬಿ ಹಳದಿ, ಎರಡು ಬ್ರಷ್ ಕೊಂಡು, ಔರಾದಿನಲ್ಲಿ ಬಸ್ಸು ಬದಲಿಸಿ ಡಾಬಕಾಕ್ಕೆ ಹೋದೆ. ಈಗ ಅಲ್ಲಿ ಮುಖ್ಯೋಪಾಧ್ಯಾಯಿನಿ ಇದ್ದಾರೆ. ನಾನು ಯಾರೆಂದು ಹೇಳಿದಾಗ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಕ್ಷೆಯಿರುವ ಖೋಲಿ ಹಳೆಯದಾಗಿದೆ, ಹೊಸದು ಕಟ್ಟಲು ಬರೆದು ಹಾಕಿದ್ದೇವೆ, ಯಾವಾಗ ಕೆಡವುತ್ತಾರೋ ಗೊತ್ತಿಲ್ಲ ಎಂದರು. ಅಲ್ಲಿಯವರೆಗೆ ಮಕ್ಕಳು ಅಲ್ಲೇ ಕೂರುತ್ತಾರಲ್ಲವೇ ಎಂದೆ. ಹೌದೆಂದರು. ಹಾಗಿದ್ದರೆ ಸಾಕೆಂದು ಒಳಗೆ ಹೋದೆ.

ಮಧ್ಯಭಾಗ ಮಾಸಿತ್ತು, ಪೂರ್ವದ ತುದಿ ಪೂರ್ತಿ ಹೋಗಿತ್ತು, ಆದರೆ ಸಮುದ್ರ ಹಾಗೆಯೇ ಇತ್ತು. ಇಷ್ಟು ವರ್ಷಗಳಾದರೂ ದಂಡೆಯಿಂದ ದೂರ ಹೋದಂತೆ ಗಾಢವಾಗುತ್ತಲೇ ಇತ್ತು. ನೆಲದ ಮೇಲೆ ಕುಳಿತು, ತಪ್ಪು ಜಾಗದ ದ್ವೀಪಗಳನ್ನು ಮುಚ್ಚಿ, ಕಪ್ಪು ಪಟ್ಟಿಯೊಳಗೆ ಅಂಗೈಯಗಲ ನೀಲಿ ಬಳಿದೆ. ಅದು ಆರಲು ಮಧ್ಯಾಹ್ನದವರೆಗೆ ಕಾದು, ನಾಲ್ಕು ಬೆರಳು ಅಳೆದು ಹಳದಿಯಲ್ಲಿ ದ್ವೀಪಗಳನ್ನು ಕೆಳಗಿಳಿಸಿ, ಕೊನೆಯದನ್ನು ಪಟ್ಟಿಯೊಳಗೆ ಇಟ್ಟೆ. ನನ್ನ ನೀಲಿ ಅವನ ನೀಲಿಗೆ ಹೊಂದಲಿಲ್ಲ. ಪಕ್ಕದ ಅಕ್ಷರಗಳನ್ನು ಅಳಿಸಿ, ಮುಖ್ಯಭೂಮಿಯ ತುದಿ ಯಾವುದು, ದೇಶದ ತುದಿ ಯಾವುದು ಎಂದು ಬೇರೆ ಬೇರೆಯಾಗಿ ಬರೆದೆ. ವರ್ಷಗಟ್ಟಲೆ ಬ್ರಷ್ ಹಿಡಿಯದ ಕೈಯಿಂದ ಬಂದ ಅಕ್ಷರಗಳು ನನ್ನವು ಎನಿಸಲಿಲ್ಲ. ಆದರೂ ಎದ್ದು ನಿಂತಾಗ ಬೀದರಿಗೆ ಹೋಗುವ ಧೈರ್ಯ ಬಂದಿತ್ತು. ತಮ್ಮನನ್ನು ತಂದುಕೊಡಲಾರೆ. ಅವನು ನಿಂತಿದ್ದ ಜಾಗವನ್ನಾದರೂ ಗೋಡೆಗೆ ತಂದಿದ್ದೇನೆ ಎಂದು ಹೇಳಬಹುದು.

ಎರಡು ದಿನ ಬಿಟ್ಟು ಆ ಓಣಿಗೆ ಹೋದೆ. ಬಾಗಿಲು ತೆಗೆದವನು ಅರವತ್ತರ ಆಸುಪಾಸಿನ, ಬಿಳಿಗಡ್ಡದ ಗಂಡಸು. ಉಸ್ತಾದ್ ಇದ್ದಾರೆಯೇ ಎಂದು ಕೇಳಿದೆ.

“ಅಣ್ಣ ಹೈದರಾಬಾದನಾಗ ಮಗಳ ಮನ್ಯಾಗ ಇರ್ತಾನ್ರಿ. ಕಣ್ಣಿಂದು ತ್ರಾಸ ಅದ ಅವನಿಗಿ. ನಾ ಅವನ ತಮ್ಮ.”

ಎಷ್ಟನೆಯ ತಮ್ಮ ಎಂದು ಕೇಳಿದೆ. ಎಂಥ ಪ್ರಶ್ನೆ ಎಂಬಂತೆ ಅವನು ನನ್ನ ಮುಖ ನೋಡಿದ. “ಇರೋನು ಒಬ್ನೇ ತಮ್ಮ ನೋಡ್ರಿ, ನಾನೇ.”

ಕುಳಿತುಕೊಳ್ಳಲು ಅವನೇ ಕುರ್ಚಿ ತಂದ. ಅವನು ಹೇಳಿದ್ದು ಇಷ್ಟು. ಸುನಾಮಿ ಬಂದ ದಿನ ಅವನು ದ್ವೀಪದಲ್ಲೇ ಇರಲಿಲ್ಲ. ಬಣ್ಣದ ಡಬ್ಬಿಗಳು ತೀರಿದ್ದರಿಂದ ಹಡಗು ಹತ್ತಿ ಪೋರ್ಟ್‌ಬ್ಲೇರಿಗೆ ಹೋಗಿದ್ದ. ಮನೆಗೆ ಸುದ್ದಿ ಮುಟ್ಟಲು ಕೆಲವು ವಾರ ಹಿಡಿಯಿತು. ಆ ವಾರಗಳಲ್ಲಿ ಊರು ಅವನನ್ನು ಸಾಯಿಸಿತ್ತು. ಮರುವರ್ಷ ಬೀದರಿಗೆ ಬಂದವನು ಮತ್ತೆ ಹೋಗಲಿಲ್ಲ. ತಾನು ಸಂಜೆ ಹೊತ್ತು ನಿಲ್ಲುತ್ತಿದ್ದ ಜಾಗ ಈಗ ನೀರಿನಲ್ಲಿದೆ, ಆ ತುದಿಯ ನೆಲವೇ ಕುಸಿಯಿತು, ದೀಪಸ್ತಂಭದ ಬುಡಕ್ಕೆ ಅಲೆ ಬಡಿಯುತ್ತದೆ ಎಂದೂ ಹೇಳಿದ. ಹಾಗಾದರೆ ನಾಲ್ಕು ಬೆರಳಿಗೆ ಒಂದು ಕೂದಲೆಳೆ ಕಡಿಮೆ ಎಂದು ನನ್ನ ತಲೆ ಅಷ್ಟರಲ್ಲೂ ಲೆಕ್ಕ ಹಾಕಿತು. ಆಮೇಲೆ ಆ ತಲೆಯ ಬಗ್ಗೆಯೇ ನಾಚಿಕೆಯಾಯಿತು. ಶಿಖರಗಳನ್ನು ನಂಬಲಿಲ್ಲ, ಗಡಿಗಳನ್ನು ನಂಬಲಿಲ್ಲ, ಛಾಪಿಸಿದ ಒಂದು ಪುಟವನ್ನೂ ಎರಡನೆಯ ಪುಸ್ತಕದಲ್ಲಿ ತಾಳೆ ನೋಡದೆ ಬಿಡಲಿಲ್ಲ. ಚಹಾದಂಗಡಿಯಲ್ಲಿ ಹೆಸರಿಲ್ಲದ ಒಬ್ಬ ಹೇಳಿದ ಒಂದು ಮಾತನ್ನು ಮಾತ್ರ ಇಪ್ಪತ್ತು ವರ್ಷ ನಂಬಿಕೊಂಡು ಕೂತೆ. ಬೀದರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಮಾತು ಸುಳ್ಳೆಂದು ತಿಳಿದರೆ ನಾನು ಆ ದಾರಿಯನ್ನು ಹಿಡಿಯಬೇಕಾಗುತ್ತಿತ್ತು.

“ನೀವು ಆ ಮಾಸ್ತರಾ?” ಎಂದು ಅವನು ಕೇಳಿದ. ಉತ್ತರಕ್ಕೆ ಕಾಯದೆ ಫೋನು ಹಚ್ಚಿ, ದಖನಿಯಲ್ಲಿ ಎರಡು ಮಾತಾಡಿ, ನನ್ನ ಕೈಗೆ ಕೊಟ್ಟ.

“ಉಸ್ತಾದ್, ನಾನು, ಭಾಲ್ಕಿಯಿಂದ” ಎಂದೆ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

“ಯಾವ ಭಾಲ್ಕಿ?” ಎಂದ, ಸೀಟಿ ನಿಂತ ಮೇಲೆ.

“ಡಾಬಕಾ ಸಾಲ್ಯಾಗ ನಕ್ಷಾ ಸರಿ ಮಾಡೀನ್ರಿ ಉಸ್ತಾದ್. ನಿಮ್ಮ ತಮ್ಮನ ದ್ವೀಪ ನಾಲ್ಕು ಬೆರಳು ಕೆಳಗ ಇಟ್ಟೀನಿ.”

“ಪಟ್ಟಿ ಒಳಗ?”

“ಪಟ್ಟಿ ಒಳಗರಿ.”

“ಕೆರದೀ?”

ಏನು ಕೇಳುತ್ತಿದ್ದಾನೆಂದು ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ, ಕೆರೆದಿಲ್ಲ ಎಂದೆ.

“ಅರೆ ಮಾಸ್ತರ್. ಅದು ಡಾಂಬರ್. ಮ್ಯಾಲ ಏನ್ ಹಚ್ಚಿದ್ರೂ ಒಳಗಿಂದ ತಿನ್ಕೋತ ಬರ್ತದ. ದೀಪಾವಳಿ ತನಕ ನಿನ್ನ ದ್ವೀಪ ಇರಂಗಿಲ್ಲ.” ಅವನ ಧ್ವನಿ ಮುದಿಯಾಗಿತ್ತು, ಆದರೆ ಏಣಿಯ ಮೇಲಿಂದ ಮಾತಾಡುವ ಆ ರೀತಿ ಹಾಗೆಯೇ ಇತ್ತು. “ಸುಣ್ಣ ಕಾಣೋತನಕ ಕೆರಿ. ರೇಗಮಾಲ್ ತಿಕ್ಕು. ಸಫೇದಾ ಹಚ್ಚಿ ಎರಡು ದಿನ ಬಿಡು. ಆಮ್ಯಾಲ ನನಗ ಫೋನ್ ಮಾಡು, ನೀಲಿ ಹ್ಯಾಂಗ ಕಲಸಬೇಕು ಹೇಳ್ತೀನಿ. ನೀ ನಿನ್ನಷ್ಟಕ್ಕ ಕಲಸಬ್ಯಾಡ.”

“ಅವತ್ತು ನಾನು...” ಎಂದು ಆರಂಭಿಸಿದೆ. ಅವನು ಮುಗಿಸಲು ಬಿಡಲಿಲ್ಲ.

“ಎರಡು ದಿನ,” ಎಂದ. “ಒಂದಲ್ಲ.” ಫೋನು ಇಟ್ಟುಬಿಟ್ಟ.

ತಮ್ಮ ಅವನ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಅದನ್ನು ಅಟ್ಲಾಸಿನ ಒಳಗಿಟ್ಟುಕೊಂಡು ಶುಕ್ರವಾರ ಮತ್ತೆ ಡಾಬಕಾಕ್ಕೆ ಬಂದೆ. ಶಾಲೆ ಬಿಟ್ಟ ಮೇಲೆ ಪಟ್ಟಿಯೊಳಗೆ ನಾನು ಬಳಿದದ್ದನ್ನೆಲ್ಲ ಕೆರೆದೆ. ಅದರ ಕೆಳಗಿನ ಡಾಂಬರು ಸುಲಭಕ್ಕೆ ಬಿಡಲಿಲ್ಲ. ಸುಣ್ಣ ಕಂಡ ಮೇಲೆ ಉಸ್ತಾದ್ ರೇಗಮಾಲ್ ಎಂದ ಮರಳುಕಾಗದದಿಂದ ತಿಕ್ಕಿ, ಸಫೇದಾ ಎಂದ ಬಿಳಿ ಬಣ್ಣವನ್ನು ತೆಳುವಾಗಿ ಹಚ್ಚಿದೆ. ಊರಿನವರೊಬ್ಬರು ತಮ್ಮ ಪಡಸಾಲೆಯಲ್ಲಿ ಮಲಗಲು ಜಾಗ ಕೊಟ್ಟಿದ್ದಾರೆ. ಮುಖ್ಯೋಪಾಧ್ಯಾಯಿನಿ ಖೋಲಿಯ ಕೀಲಿ ಕೊಟ್ಟು ಹೋಗಿದ್ದಾರೆ.

ಇವತ್ತು ಭಾನುವಾರ. ಶಾಲೆಯಲ್ಲಿ ಯಾರೂ ಇಲ್ಲ. ಅಂಗಳದಾಚೆ ತೊಗರಿ ಹೊಲ, ಅದರಾಚೆ ಎಲ್ಲೋ ರಾಜ್ಯ ಮುಗಿಯುತ್ತದೆ ಎನ್ನುತ್ತಾರೆ. ನಾನು ಗೋಡೆಯ ಮುಂದೆ ನೆಲದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅವನ ಸಮುದ್ರ ಪಟ್ಟಿಯವರೆಗೆ ಬಂದು ನಿಂತಿದೆ, ಅದರ ಕೆಳಗೆ ಅಂಗೈಯಗಲ ಬಿಳಿ. ಈಗ ತಾನೇ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದೆ. ಸ್ವಲ್ಪ ಅಂಟುತ್ತದೆ. ಎರಡು ದಿನ ತುಂಬಲು ಇನ್ನೂ ಸಂಜೆಯಾಗಬೇಕು.